ಮೇಷ್ಟ್ರ ಮಗಳು ಬಂದದ್ದು ಯಾವೂರಿಂದ?

‘ಚನ್ನರಾಯಪಟ್ಟಣದಿಂದ ಬಂದ ಮೇಷ್ಟ್ರ ಮಗಳು ಹೊಳೆನರಸೀಪುರದ ಬಸ್ಸು ಹತ್ತಿದಳು.’ ಬಂದವರು ಮೇಷ್ಟ್ರೋ, ಮಗಳೋ? ಕೇಳಿದವರು ಸಂದರ್ಭ ನೋಡಿ ಒಂದರ್ಥ ಹಿಡಿದುಕೊಳ್ಳುತ್ತಾರೆ. ವಾಕ್ಯವನ್ನು ಬಿಡಿಸಿ ನೋಡುವ ಕಂಪ್ಯೂಟರ್ ಪ್ರೋಗ್ರಾಂಗೆ, ಅಂದರೆ ಪಾರ್ಸರ್‌ಗೆ, ಆ ಸಲೀಸಿಲ್ಲ. ವ್ಯಾಕರಣ ಒಪ್ಪುವ ಜೋಡಣೆಗಳನ್ನೆಲ್ಲ ಅದು ತಡವಬೇಕು. ಸಾಲಾಗಿ ನಿಂತ 4 ಪದಗಳನ್ನು ಎರಡೆರಡಾಗಿ ಕೂಡಿಸಲು 5 ದಾರಿಗಳಿವೆ. 5 ಪದಗಳಿಗೆ 14, 10 ಪದಗಳಿಗೆ 4862. ಕೋಷ್ಟಕ ತುಂಬುತ್ತ ಹೋಗುವ ಜಾಣ ವಿಧಾನಗಳಲ್ಲೂ ವಾಕ್ಯ ಎರಡು ಪಟ್ಟು ಉದ್ದವಾದರೆ ಕೆಲಸ ಸುಮಾರು ಎಂಟು ಪಟ್ಟಾಗಬಹುದು. ವ್ಯಾಕರಣ ದೊಡ್ಡದಾದಷ್ಟೂ ನಿಧಾನ.

ಮ್ಯಾನಿ ರೇನರ್, ಕ್ರಿಸ್ಟರ್ ಸ್ಯಾಮುಯೆಲ್ಸನ್ ಮೊದಲಾದ ಸಂಶೋಧಕರು 1990ರ ಆಸುಪಾಸಿನಲ್ಲಿ ಇದಕ್ಕೆ ಹಿಡಿದ ದಾರಿ ನಮ್ಮ ಮಗ್ಗಿಯಂಥದು. ಏಳೆಂಟಲ ಐವತ್ತಾರು ಎಂದು ಬಾಯಿಪಾಠವಾದ ಮೇಲೆ ಏಳನ್ನು ಎಂಟು ಸಲ ಕೂಡುವವರುಂಟೇ? ಈಗಾಗಲೇ ಬಿಡಿಸಿಟ್ಟ ವಾಕ್ಯಗಳಲ್ಲಿ ಯಾವ ನಿಯಮಗಳು ಒಟ್ಟೊಟ್ಟಿಗೆ ಬಂದಿವೆ ಎಂದು ನೋಡಿ, ಆ ಸರಪಳಿಯನ್ನೇ ಒಂದು ದೊಡ್ಡ ನಿಯಮವಾಗಿ ಕಲಿಸುವುದು; ಬಳಕೆಗೆ ಬಾರದವನ್ನು ಬದಿಗಿಡುವುದು. ಸ್ಯಾಮುಯೆಲ್ಸನ್ 1994ರಲ್ಲಿ ಸ್ಟಾಕ್‌ಹೋಮಿನಲ್ಲಿ ಬರೆದ ಪಿಎಚ್‌ಡಿ ಪ್ರಬಂಧದ ವಿಷಯ ಇದೇ. ಮರುವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅರವಿಂದ ಜೋಶಿ ಅವರ ಜೊತೆ ಇದೇ ತಂತ್ರವನ್ನು ಮುಂದಕ್ಕೊಯ್ದವರು ಶ್ರೀನಿವಾಸ್ ಬೆಂಗಳೂರ್. ಹೆಸರಿನಲ್ಲೇ ಊರಿದೆ! ವೇಗಕ್ಕೆ ತೆರಬೇಕಾದ ಬೆಲೆಯೂ ಉಂಟು: ಕಲಿತ ನಿಯಮಗಳಿಗೆ ಒಗ್ಗದ ವಾಕ್ಯ ಕೈತಪ್ಪುತ್ತದೆ, ಇಲ್ಲವೇ ಹಳೆಯ ನಿಧಾನದ ದಾರಿಗೇ ಮರಳಬೇಕಾಗುತ್ತದೆ.

ಕನ್ನಡಕ್ಕೆ ನಿಯಮಗಳ ಬಡತನವಿಲ್ಲ. ಹಾಸನ ಜಿಲ್ಲೆಯ ಹಳೇಬೀಡಿನಿಂದ ಆಳಿದ ಹೊಯ್ಸಳರ ಕಾಲದಲ್ಲೇ, ಸುಮಾರು 1260ರಲ್ಲಿ, ಕೇಶಿರಾಜ ‘ಶಬ್ದಮಣಿದರ್ಪಣ’ ಎಂಬ ವ್ಯಾಕರಣ ಬರೆದ. ಹಿಂದಿನ ಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡೇ ಸೂತ್ರ ಕಟ್ಟಿದ. ಯಂತ್ರಕ್ಕೂ ಬೇಕಾದದ್ದು ಪ್ರಯೋಗಗಳೇ, ಆದರೆ ಯಾವುದು ಯಾವುದಕ್ಕೆ ಸೇರುತ್ತದೆ ಎಂದು ಗುರುತು ಹಾಕಿದವು. ಇನ್ನೊಂದು ತೊಡಕು: ಇಂಗ್ಲಿಷಿನಲ್ಲಿ ಪದ ನಿಂತ ಜಾಗವೇ ಕರ್ತೃ ಯಾರು, ಕರ್ಮ ಯಾವುದು ಎಂದು ಹೇಳುತ್ತದೆ. ನಮ್ಮಲ್ಲಿ ಆ ಭಾರ ವಿಭಕ್ತಿಯ ಮೇಲಿದೆ. ಕರ್ತೃ, ಕರ್ಮ ಹಿಂದುಮುಂದಾದರೂ ಸಾಮಾನ್ಯವಾಗಿ ಅರ್ಥ ಕೆಡದು. ಹಾಗಾಗಿ ಪದಕ್ರಮ ನಂಬಿ ಕಲಿತ ದೊಡ್ಡ ನಿಯಮಗಳು ಇಲ್ಲಿ ಬೇಗ ಮುಗ್ಗರಿಸುತ್ತವೆ. ಕ್ರಿಯೆಗೂ ಪದಗಳಿಗೂ ಇರುವ ಸಂಬಂಧ ಹೇಳುವ ಪಾಣಿನಿಯ ಕಾರಕಗಳನ್ನು ಹಿಡಿದು ಹೊರಟ ‘ಅನುಸಾರಕ’ ಅನುವಾದ ಯೋಜನೆ, ಐಐಟಿ ಕಾನ್ಪುರದಲ್ಲಿ ಮೊದಲಾದದ್ದು, ಕನ್ನಡದಿಂದ ಹಿಂದಿಗೂ ಕೆಲಸ ಮಾಡಿತು. ನನಗೆ ಅದೇ ಸರಿಯಾದ ಹಾದಿ ಎನಿಸುತ್ತದೆ: ಕಲಿಕೆಯ ಕೊಂಡಿ ಸಿಗಬೇಕಾದದ್ದು ‘ಇಂದ’, ‘ಗೆ’, ‘ಅಲ್ಲಿ’ಗಳಲ್ಲಿ.

ಸ್ಯಾಮುಯೆಲ್ಸನ್ ಅವರ ಕಾಲದಲ್ಲಿ ಇಂಥ ಪ್ರಯೋಗಗಳಿಗೆ ವಿಮಾನಯಾನದ ವಿಚಾರಣೆಯ ವಾಕ್ಯಗಳು ಸಿಕ್ಕಿದ್ದವು. ಹಾಸನದ ಬಸ್ ನಿಲ್ದಾಣದ ವಿಚಾರಣೆಗೆ ಅಂಥದೊಂದು ಪಾರ್ಸರ್ ಮಾಡುವುದಾದರೆ? ಅರಕಲಗೂಡು ಕಡೆಯವರು ‘ಹಾಸನಕ್ಕೆ ಹೋಗಿದ್ದಾನೆ’ ಎನ್ನುವುದನ್ನು ‘ಆಸನಕ್ಕೆ ಓಗವ್ನೆ’ ಎಂದರೆ, ಪತ್ರಿಕೆಯ ಭಾಷೆಯಲ್ಲಿ ಪಳಗಿದ ಯಂತ್ರ ಅವನನ್ನು ಯಾವುದೋ ಕುರ್ಚಿಗೆ ಕಳಿಸೀತು. ‘ಓಗವ್ನೆ’ಯಂತೂ ಅದರ ಪಟ್ಟಿಯಲ್ಲೇ ಇಲ್ಲ, ಕಲಿತ ನಿಯಮ ಅಲ್ಲೇ ಕೈಕೊಟ್ಟು, ಗಳಿಸಿದ ವೇಗವೂ ಹೋಯಿತು.