ಅಣುವನ್ನು ಕೈಯಲ್ಲಿ ಹಿಡಿದು ಕಲಿಯುವ ರಸಾಯನಶಾಸ್ತ್ರ

ಪ್ರೋಟೀನ್ ಸರಪಳಿಯೊಂದಕ್ಕೆ ಗಂಟು ಹಾಕಬೇಕು. ಇಂಗಾಲದ ನ್ಯಾನೊ ಕೊಳವೆಯೊಳಗೆ ಮೀಥೇನ್ ಅಣುವನ್ನು ತೂರಿಸಬೇಕು. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗ್ಲೊವಾಕಿ ಮತ್ತು ಸಂಗಡಿಗರು ಇಂಥ ಕೆಲಸಗಳನ್ನು ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್‌ನಲ್ಲೂ ಮೌಸ್, ಟಚ್‌ಸ್ಕ್ರೀನ್‌ಗಳಲ್ಲೂ ಮಾಡಿಸಿ ಹೋಲಿಸಿದರು. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ವಿಆರ್ ತೊಟ್ಟವರೇ ಮುಂದಿದ್ದರು. ಗಂಟು ಹಾಕುವಲ್ಲಂತೂ ಅಂತರ ಬಹಳ ದೊಡ್ಡದಿತ್ತು.

ಹೆಡ್‌ಸೆಟ್‌ನಲ್ಲಿ ಕಾಣುವುದು ಮೊದಲೇ ಚಿತ್ರಿಸಿಟ್ಟ ಅನಿಮೇಶನ್ ಅಲ್ಲ. ಒಂದು ಪರಮಾಣುವನ್ನು ಹಿಡಿದೆಳೆದರೆ ಉಳಿದವು ಎತ್ತ ಸರಿಯಬೇಕೆಂದು ಕಂಪ್ಯೂಟರ್ ಆ ಕ್ಷಣವೇ ಲೆಕ್ಕ ಹಾಕುತ್ತದೆ. ಕಿಣ್ವಗಳು ರಾಸಾಯನಿಕ ಕ್ರಿಯೆಯನ್ನು ಹೇಗೆ ಚುರುಕುಗೊಳಿಸುತ್ತವೆ ಎಂಬ ಪಾಠವನ್ನು ಬ್ರಿಸ್ಟಲ್‌ನ ಪದವಿ ವಿದ್ಯಾರ್ಥಿಗಳು ಹೀಗೆಯೇ ಕಲಿತರು.

ಮಕ್ಕಳಿಗೆ ರಸಾಯನಶಾಸ್ತ್ರ ಏಕೆ ಕಷ್ಟ? ಗ್ಲಾಸ್ಗೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಶಿಕ್ಷಣ ಸಂಶೋಧಕ ಅಲೆಕ್ಸ್ ಜಾನ್‌ಸ್ಟನ್ ಇದಕ್ಕೆ ಸ್ಪಷ್ಟ ಕಾರಣ ಕೊಟ್ಟಿದ್ದಾರೆ. ಕಣ್ಣಿಗೆ ಕಾಣುವ ವಸ್ತು, ಕಾಣದ ಕಣಗಳು, ಹಲಗೆಯ ಮೇಲಿನ ಸೂತ್ರ—ಈ ಮೂರು ಹಂತಗಳ ನಡುವೆ ವಿದ್ಯಾರ್ಥಿಯ ಮನಸ್ಸು ಒಟ್ಟಿಗೇ ಓಡಾಡಬೇಕು. ಬೀಕರ್ ಮೊದಲನೆಯದನ್ನು ತೋರಿಸುತ್ತದೆ, ಪಠ್ಯಪುಸ್ತಕ ಮೂರನೆಯದನ್ನು. ನಡುವಿನದನ್ನು ತೋರಿಸುವ ಶಕ್ತಿ ಇಂಥ ಕಂಪ್ಯೂಟರ್ ಅನುಕರಣೆಗೆ, ಅಂದರೆ ಸಿಮ್ಯುಲೇಶನ್‌ಗೆ ಇದೆ.

ಅದಕ್ಕೆ ದುಬಾರಿ ಹೆಡ್‌ಸೆಟ್ ಇರಲೇಬೇಕೆಂದಿಲ್ಲ. ಭೌತಶಾಸ್ತ್ರದ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ 'ಫೆಟ್' ಸಿಮ್ಯುಲೇಶನ್‌ಗಳು ಸಾಮಾನ್ಯ ಕಂಪ್ಯೂಟರ್‌ನಲ್ಲೇ ಉಚಿತವಾಗಿ ಓಡುತ್ತವೆ. ದ್ರವ್ಯದ ಸ್ಥಿತಿಗಳ ಪಾಠದಲ್ಲಿ ನೀರನ್ನು ತಣಿಸಿದರೆ ಅಣುಗಳು ನಡುವೆ ಖಾಲಿ ಜಾಗ ಬಿಟ್ಟು ಜೋಡಿಸಿಕೊಳ್ಳುತ್ತವೆ. ಮಂಜುಗಡ್ಡೆ ನೀರಿನ ಮೇಲೆ ತೇಲುವುದು ಏಕೆಂದು ವಿದ್ಯಾರ್ಥಿ ತಾನೇ ಕಂಡುಕೊಳ್ಳುತ್ತಾನೆ. ಪಿಎಚ್ ಪಾಠದಲ್ಲಿ ಹಾಲು, ಕಾಫಿ, ಬ್ಯಾಟರಿ ಆಮ್ಲ ಎಲ್ಲವನ್ನೂ ಅಪಾಯವಿಲ್ಲದೆ ಪರೀಕ್ಷಿಸಬಹುದು. ಇವುಗಳಲ್ಲಿ ಹಲವು ಕನ್ನಡದಲ್ಲೂ ಇವೆ. ನಮ್ಮ ದೇಶದಲ್ಲೇ ಅಮೃತ ವಿಶ್ವ ವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸೇರಿ ಶಾಲಾ ಪ್ರಯೋಗಗಳಿಗಾಗಿ 'ಓಲ್ಯಾಬ್ಸ್' ರೂಪಿಸಿವೆ.

ಆದರೆ ಎಚ್ಚರವೂ ಬೇಕು. ಪರದೆಯ ಮೇಲೆ ಆಕ್ಸಿಜನ್ ಪರಮಾಣು ಕೆಂಪು ಚೆಂಡಿನಂತೆ ಕಾಣುತ್ತದೆ. ಅದು ಗುರುತಿಗಾಗಿ ಬಳಿದ ಬಣ್ಣವೆಂದು ಶಿಕ್ಷಕರು ಹೇಳದಿದ್ದರೆ ಮಕ್ಕಳು ಅದನ್ನೇ ನಿಜವೆಂದು ನಂಬಿಬಿಡಬಹುದು. ಬ್ಯೂರೆಟ್‌ನಿಂದ ಕೊನೆಯ ಹನಿಯನ್ನು ಅಳೆದು ಬಿಡುವ ಕೈಚಳಕ, ಅಮೋನಿಯದ ಘಾಟು, ಗಾಜಿನ ಸಾಮಾನನ್ನು ಜೋಪಾನವಾಗಿ ಬಳಸುವ ಶಿಸ್ತು ಪ್ರಯೋಗಾಲಯದಲ್ಲಷ್ಟೇ ದಕ್ಕುತ್ತವೆ.

ಶಾಲೆಯಲ್ಲಿ ಇಂಟರ್ನೆಟ್ ಇಲ್ಲವೆಂದು ಶಿಕ್ಷಕರು ಕೈಚೆಲ್ಲಬೇಕಾಗಿಲ್ಲ. ಫೆಟ್ ಸಿಮ್ಯುಲೇಶನ್‌ಗಳನ್ನು ಒಮ್ಮೆ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಸಂಪರ್ಕವಿಲ್ಲದೆಯೂ ನಡೆಸಬಹುದು. ಮುಂದಿನ ಪಾಠಕ್ಕೆ ಮುನ್ನ ಒಂದನ್ನಾದರೂ ತರಗತಿಯಲ್ಲಿ ಬಳಸಿ ನೋಡಿ.