ಹವಾಗುಣದ ವ್ಯತ್ಯಾಸವೂ ನಮ್ಮ ಭತ್ತದ ಗದ್ದೆಗಳೂ

ಭೂಮಂಡಲದ ಹವೆಯು ವರ್ಷೇ ವರ್ಷೇ ಕಾವೇರುತ್ತಿರುವುದೆಂದೂ, ಇದಕ್ಕೆ ಮನುಷ್ಯರ ಉದ್ಯೋಗಗಳೇ ಮುಖ್ಯ ಕಾರಣವೆಂದೂ, ಆ ಕಾರಣಗಳ ಪಟ್ಟಿಯಲ್ಲಿ ನೀರು ನಿಲ್ಲಿಸಿದ ಭತ್ತದ ಗದ್ದೆಯೂ ಮೆಲುಕು ಹಾಕುವ ದನವೂ ಸೇರಿರುವುವೆಂದೂ ವರ್ತಮಾನ ಪತ್ರಿಕೆಗಳಲ್ಲಿ ಓದಿದ ಜಮೀನ್ದಾರರನೇಕರು, ಇಲಾಖೆಯ ಸಿಬ್ಬಂದಿಯನ್ನು ಕಂಡಾಗಲೆಲ್ಲ ಈ ವಿಷಯವಾಗಿ ಪ್ರಶ್ನೆಮಾಡುತ್ತಿರುವರು. ಕೆಲವರು ಕೋಪದಿಂದ ಕೇಳುವರು, ಕೆಲವರು ಹಾಸ್ಯದಿಂದ, ಕೆಲವರು ನಿಜವಾದ ಭಯದಿಂದ.

ಕಳೆದ ಹಂಗಾಮಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಪ್ರದೇಶದ ಒಂದು ಗ್ರಾಮದ ಚಾವಡಿಯಲ್ಲಿ ಇಂಥದೇ ಸಭೆ ನಡೆಯಿತು. ಕಾಲುವೆಯ ಮೇಲ್ಭಾಗದಲ್ಲಿ ಇಪ್ಪತ್ತು ಎಕರೆ ಗದ್ದೆಯುಳ್ಳ ಹಿರಿಯ ಗೌಡರೊಬ್ಬರು, “ಸಾಹೇಬರೆ, ಅಮೇರಿಕದವನು ಮನೆಗೆ ಎರಡು ಮೋಟಾರು ಇಟ್ಟುಕೊಳ್ಳಬಹುದು, ನಾನು ಎರಡು ಎಮ್ಮೆ ಕಟ್ಟಿದರೆ ಮುಗಿಲು ಕಾಯುತ್ತದೆಯೆ?” ಎಂದು ಕೇಳಿದರು. ಸಭೆ ನಕ್ಕಿತು. ನಗು ನಿಂತ ಮೇಲೆ, ಅದೇ ಕಾಲುವೆಯ ಕೆಳಭಾಗದ ಊರಿನಿಂದ ಬಂದು ಬಾಗಿಲ ಬಳಿ ಕುಳಿತಿದ್ದ ರೈತರೊಬ್ಬರು ಎದ್ದು, “ಗೌಡರ ಮಾತು ಖರೆ. ಆದರೆ ಗೌಡರು ಅಮೇರಿಕದವನಿಗೆ ಹೇಳುವ ಮಾತನ್ನೇ ನಾವು ಮೂವತ್ತು ವರ್ಷದಿಂದ ಗೌಡರಿಗೆ ಹೇಳುತ್ತಿದ್ದೇವೆ” ಎಂದರು. ಈ ಸಾರಿ ಯಾರೂ ನಗಲಿಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಇಟ್ಟು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಹವೆ ಕಾವೇರುವುದೇ ಸುಳ್ಳೆಂಬವರು ನಮ್ಮಲ್ಲಿ ಇಲ್ಲದಿಲ್ಲ. ಬರಗಾಲವು ಈ ದೇಶಕ್ಕೆ ಹೊಸದಲ್ಲವೆಂದು ಅವರು ಹೇಳುವುದು ಸರಿಯಾಗಿಯೇ ಇದೆ. 1876ರಿಂದ 1878ರ ವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ನಷ್ಟವಾಯಿತೆಂಬುದು ಪ್ರಸಿದ್ಧವಾಗಿದೆ; ಆಗ ಮೋಟಾರುಗಳಿರಲಿಲ್ಲ. ಅದು ಕಾರಣ 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಗಿ ಬಂದುದನ್ನೇ ಸಾಕ್ಷಿಯಾಗಿ ಹಿಡಿದು ವಾದಿಸುವುದು ಉಚಿತವಲ್ಲ. ಒಂದು ವರ್ಷದ ಮಳೆಯು ಏನನ್ನೂ ಸಿದ್ಧಾಂತಮಾಡಲಾರದು. ಸಾಕ್ಷಿಯಿರುವುದು ಅನೇಕ ವರ್ಷಗಳ ಅಳತೆಯಲ್ಲಿ. ಕಲ್ಲಿದ್ದಲು, ಎಣ್ಣೆ ಮುಂತಾದುವನ್ನು ಉರಿಸುವುದರಿಂದ ಹುಟ್ಟುವ ಇಂಗಾಲಾಮ್ಲ ವಾಯುವು ಭೂಮಿಯ ಶಾಖವನ್ನು ಕಂಬಳಿಯಂತೆ ತಡೆದಿಡುವುದೆಂಬುದನ್ನು ಸ್ವೀಡನ್ ದೇಶದ ಸ್ವಾಂತೆ ಅರ್ಹೇನಿಯಸ್ ಎಂಬ ಪಂಡಿತನು 1896ರಲ್ಲಿಯೇ ಲೆಕ್ಕಮಾಡಿ ತೋರಿಸಿದ್ದನು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಅಳೆಯಲಾರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಈ ವಾಯು 2024ರಲ್ಲಿ 424 ಭಾಗದಷ್ಟಾಗಿತ್ತು. 1901ರಿಂದ 2018ರ ವರೆಗಿನ ಅವಧಿಯಲ್ಲಿ ಭಾರತದ ಸರಾಸರಿ ಉಷ್ಣತೆಯು ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿರುವುದಾಗಿ ಕೇಂದ್ರಸರ್ಕಾರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿತು. ಇಷ್ಟರ ಮಟ್ಟಿಗೆ ವಿವಾದಕ್ಕೆ ಎಡೆಯಿಲ್ಲ. ವಿವಾದವಿರುವುದು ದೋಷವು ಯಾರದು, ಖರ್ಚು ಯಾರದು ಎಂಬುದರಲ್ಲಿ.

ಇನ್ನು ಭತ್ತದ ಗದ್ದೆಯ ಮೇಲೆ ಬಂದ ದೂರು. ಗದ್ದೆಯಲ್ಲಿ ನೀರು ಸತತವಾಗಿ ನಿಂತರೆ ಕೆಸರಿನೊಳಕ್ಕೆ ಗಾಳಿ ಹೋಗಲಾರದು. ಗಾಳಿಯಿಲ್ಲದೆಡೆಯಲ್ಲಿ ಬದುಕತಕ್ಕ ಸೂಕ್ಷ್ಮಜೀವಿಗಳು ಅಲ್ಲಿ ಕೊಳೆಯುವ ಹುಲ್ಲು, ಬೇರು, ಗೊಬ್ಬರಗಳನ್ನು ತಿಂದು ಮೀಥೇನ್ ಎಂಬ ವಾಯುವನ್ನು ಬಿಡುವುವು. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದೂ ಇದೇ. ಕೆಸರಿನಿಂದ ಇದು ಬಹುಮಟ್ಟಿಗೆ ಪೈರಿನ ದಂಟಿನೊಳಗಣ ಗಾಳಿಕೊಳವೆಗಳ ಮೂಲಕವೇ ಮೇಲಕ್ಕೆ ಬರುವುದು. ಭತ್ತದ ಪೈರು ಹೊಗೆಕೊಳವೆಯಂತೆ ಕೆಲಸಮಾಡುವುದೆಂದರೆ ತಪ್ಪಾಗದು. ದನಗಳ ಹೊಟ್ಟೆಯಲ್ಲಿಯೂ ಇದೇ ಕ್ರಿಯೆ ನಡೆದು ತೇಗಿನೊಡನೆ ವಾಯು ಹೊರಬೀಳುವುದು. ಮೀಥೇನು ಗಾಳಿಯಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ, ಹನ್ನೆರಡು ವರ್ಷಗಳ ಸುಮಾರಿಗೆ ಕರಗಿಹೋಗುವುದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ತೂಕಕ್ಕೆ ತೂಕ ಇಂಗಾಲಾಮ್ಲದ ಸುಮಾರು 28ರಷ್ಟು ಶಾಖವನ್ನು ತಡೆಯುವುದು. ಮನುಷ್ಯರ ಉದ್ಯೋಗದಿಂದ ಲೋಕದಲ್ಲಿ ಹುಟ್ಟುವ ಮೀಥೇನಿನಲ್ಲಿ ನೂರಕ್ಕೆ 8ರಿಂದ 10 ಪಾಲು ಭತ್ತದ ಗದ್ದೆಗಳದೆಂದು ಎಣಿಸಿರುವರು.

ಈ ದೂರು ಮೊದಲು ಜೋರಾಗಿ ಕೇಳಿಬಂದುದು 1990ರಲ್ಲಿ. ಅಮೇರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯು ಹೊರತಂದ ವರದಿಯಲ್ಲಿ, ಹವೆಯನ್ನು ಕೆಡಿಸತಕ್ಕ ಮೊದಲ ಐದು ದೇಶಗಳ ಸಾಲಿನಲ್ಲಿ ಭಾರತ, ಚೀನಾ, ಬ್ರೆಜಿಲ್‌ಗಳನ್ನೂ ಕೂರಿಸಲಾಗಿತ್ತು. ಮಾರನೆಯ ವರ್ಷವೇ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಅವರು ಇದನ್ನು ಪುಸ್ತಕರೂಪದಲ್ಲಿ ಖಂಡಿಸಿದರು. ಬಡ ರೈತನ ಗದ್ದೆಯಿಂದಲೂ ಕೊಟ್ಟಿಗೆಯಿಂದಲೂ ಬರುವುದು ಜೀವನಕ್ಕಾಗಿ ಬಿಡುವ ವಾಯು, ಶ್ರೀಮಂತ ದೇಶಗಳ ಮೋಟಾರಿನಿಂದ ಬರುವುದು ಭೋಗಕ್ಕಾಗಿ ಬಿಡುವ ವಾಯು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಕೂಡದೆಂಬುದು ಅವರ ವಾದದ ಸಾರ. ನಮ್ಮ ಗೌಡರು ಎಮ್ಮೆಯ ಮಾತನ್ನಾಡಿದಾಗ ಈ ಪುಸ್ತಕವನ್ನು ಕಂಡಿರಲಾರರು, ಆದರೆ ಹೇಳಿದುದು ಅದನ್ನೇ.

ವಾದವೊಂದೇ ಆಗಿದ್ದರೆ ಅದಕ್ಕೆ ಪ್ರತಿವಾದವಿರುತ್ತಿತ್ತು. ಈ ದೇಶದ ವಿಜ್ಞಾನಿಗಳು ಅಷ್ಟಕ್ಕೆ ನಿಲ್ಲಲಿಲ್ಲ. ಗದ್ದೆಗೇ ಇಳಿದು ಅಳೆದರು. ಅಮೇರಿಕದ ಪರಿಸರ ಸಂರಕ್ಷಣಾ ಸಂಸ್ಥೆಯವರು ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ 378 ಲಕ್ಷ ಟನ್ ಮೀಥೇನ್ ಬಿಡುವುವೆಂದು ಅಂದಾಜುಮಾಡಿದ್ದರು. 1991ರಲ್ಲಿ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಅಶೇಷ್ ಪ್ರಸಾದ್ ಮಿತ್ರ ಅವರ ನೇತೃತ್ವದಲ್ಲಿ ದೇಶದ ಅನೇಕ ಕಡೆ, ಪೈರಿನ ಮೇಲೆ ಪೆಟ್ಟಿಗೆಗಳನ್ನು ಕವುಚಿ ಗಾಳಿಯನ್ನು ಹಿಡಿದು ಪರೀಕ್ಷಿಸಿದಾಗ ಸಿಕ್ಕಿದುದು ಸುಮಾರು 40 ಲಕ್ಷ ಟನ್. ಅಂದರೆ ಹೊರಿಸಿದ್ದ ಹೊರೆಯ ಒಂಬತ್ತನೆಯ ಒಂದು ಪಾಲಿಗೂ ಕಡಮೆ. ಯೂರೋಪು, ಅಮೇರಿಕಗಳಲ್ಲಿ ಸತತವಾಗಿ ನೀರು ನಿಲ್ಲಿಸಿದ ಗದ್ದೆಗಳ ಅಳತೆಯನ್ನು ತಂದು, ಮಳೆಯನ್ನೇ ನಂಬಿ ನಡುನಡುವೆ ಒಣಗತಕ್ಕ ನಮ್ಮ ಗದ್ದೆಗಳಿಗೆ ಗುಣಿಸಿದುದೇ ಈ ತಪ್ಪಿಗೆ ಮೂಲ. ಕಾಗದದ ಮೇಲಣ ಲೆಕ್ಕವನ್ನು ಹೊಲದ ಲೆಕ್ಕವು ಹೀಗೆ ಮಣಿಸಿದ ಸಂದರ್ಭಗಳು ವಿರಳ.

ಆದಕಾರಣ 2021ರಲ್ಲಿ ಗ್ಲಾಸ್ಗೋ ನಗರದ ಸಮ್ಮೇಳನದಲ್ಲಿ, 2030ರೊಳಗೆ ಮೀಥೇನನ್ನು ನೂರಕ್ಕೆ 30ರಷ್ಟು ತಗ್ಗಿಸುವ ಕರಾರಿಗೆ ನೂರಕ್ಕೂ ಮೇಲ್ಪಟ್ಟ ದೇಶಗಳು ಒಪ್ಪಿದಾಗ ಭಾರತವು ಸೇರದೆ ಉಳಿದುದರಲ್ಲಿ ಆಶ್ಚರ್ಯವಿಲ್ಲ. ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲಾಮ್ಲ ಬೀಳುವುದಾದರೆ ಅಮೇರಿಕದವನ ಪಾಲಿಗೆ ಬೀಳುವುದು ಸುಮಾರು 14 ಟನ್. ಪ್ರತಿಯೊಬ್ಬನೂ ತನ್ನ ತನ್ನ ಪಾಲನ್ನು ಲೆಕ್ಕ ಹಾಕಿಕೊಳ್ಳಬೇಕೆಂಬ ಪದ್ಧತಿಯನ್ನು 2004ರ ಸುಮಾರಿಗೆ ಲೋಕದಲ್ಲೆಲ್ಲ ಹಬ್ಬಿಸಿದವರಲ್ಲಿ ಬ್ರಿಟನ್ನಿನ ಬಿ.ಪಿ. ಎಂಬ ಎಣ್ಣೆ ಕಂಪನಿಯೂ ಒಂದೆಂಬುದನ್ನು ಇಲ್ಲಿ ನೆನೆಯಬಹುದು. ಎಣ್ಣೆ ಮಾರುವವನೇ ದೀಪ ಸಣ್ಣದು ಮಾಡೆಂದು ಬುದ್ಧಿ ಹೇಳಿದರೆ ಕೇಳುವವರು ಅನುಮಾನಿಸುವುದು ಸಹಜ.

ಇಲ್ಲಿಯ ವರೆಗೆ ಗೌಡರ ಪಕ್ಷ. ಬಾಗಿಲ ಬಳಿಯವರ ಪಕ್ಷವನ್ನು ಇನ್ನು ನೋಡತಕ್ಕದ್ದು.

ದೇಶದ ಸರಾಸರಿ ಒಂದು, ಕಾಲುವೆಯ ಮೇಲ್ಭಾಗದ ಗದ್ದೆ ಮತ್ತೊಂದು. ಮಿತ್ರ ಅವರ ಲೆಕ್ಕವು ನಮ್ಮ ಕೈಹಿಡಿದುದಕ್ಕೆ ಮುಖ್ಯ ಕಾರಣ ನಮ್ಮಲ್ಲಿನ ಒಣಗುವ ಗದ್ದೆಗಳು. ನಡುನಡುವೆ ಒಂದು ದಿನವೂ ಒಣಗಿಸದೆ ತಿಂಗಳುಗಟ್ಟಲೆ ನೀರು ಕಟ್ಟತಕ್ಕವರ ಗದ್ದೆಗೆ ಆ ರಕ್ಷಣೆಯಿಲ್ಲ. ಎಡದಂಡೆ ಕಾಲುವೆಯನ್ನು ರಚಿಸಿದಾಗ ಅದರ ಹೆಚ್ಚು ಭಾಗವನ್ನು ಜೋಳ, ಹತ್ತಿ, ಶೇಂಗಾ ಮುಂತಾದ ಹಗುರ ನೀರಾವರಿಯ ಬೆಳೆಗಳಿಗೆಂದು ಗೊತ್ತುಮಾಡಿದ್ದಿತು. ಮೇಲ್ಭಾಗದಲ್ಲಿ ಭತ್ತವು ಹಬ್ಬಿತು. ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಯ ತೂಬುಗಳಿಗೆ ನೀರು ತಲಪದಾಯಿತು. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಭೂಮಿ ಸವಳು ಹಿಡಿಯಿತು, ಕೆಳಭಾಗದಲ್ಲಿ ನೀರಿಲ್ಲದೆ ಪೈರು ಒಣಗಿತು. ಇದರ ಮೇಲೆ 1953ರಲ್ಲಿ ನೀರು ತುಂಬಿದಾಗ ಸುಮಾರು 132 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಹೂಳು ಕೂತು ಈಗ ಸುಮಾರು 105 ಟಿ.ಎಂ.ಸಿ. ಮಾತ್ರ ಹಿಡಿಯುವುದು. ಮಳೆಯು ಇನ್ನೂ ಏರುಪೇರಾಗುವುದಾದರೆ ಮೊದಲು ಬತ್ತುವುದು ಅಮೇರಿಕದವನ ಮೋಟಾರಲ್ಲ, ಕೊನೆಯ ತೂಬು.

ಅದು ಹಾಗಿರಲಿ, ಮಾಡತಕ್ಕ ಕೆಲಸವೇನು? ಗದ್ದೆಯನ್ನು ಸರದಿಯಂತೆ ಹಸಿಮಾಡಿ ಒಣಗಿಸುವ ಕ್ರಮವು ಫಿಲಿಪ್ಪೀನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿಯೂ ಅನೇಕ ದೇಶಗಳ ರೈತರ ಹೊಲಗಳಲ್ಲಿಯೂ ಪರೀಕ್ಷೆಯಾಗಿರುವುದು. ಸುಮಾರು 30 ಸೆಂಟಿಮೀಟರ್ ಉದ್ದ, ಒಂದು ಗೇಣಿಗಿಂತ ಕಡಮೆ ಅಗಲದ ಬಿದಿರಿನ ಅಥವಾ ಪ್ಲಾಸ್ಟಿಕ್ ಕೊಳವೆಗೆ ಸುತ್ತಲೂ ತೂತುಗಳನ್ನು ಕೊರೆದು, ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕೆಸರಿನಲ್ಲಿ ಹುಗಿದು, ಒಳಗಣ ಮಣ್ಣನ್ನು ತೆಗೆಯತಕ್ಕದ್ದು. ನಾಟಿಯಾದ ಎರಡು ವಾರ ಕಳೆ ಹತ್ತದಂತೆ ನೀರು ನಿಲ್ಲಿಸಿ, ಆಮೇಲೆ ನೀರನ್ನು ಇಂಗಲು ಬಿಡುವುದು. ಕೊಳವೆಯೊಳಗಣ ನೀರು ನೆಲದ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಐದು ಸೆಂಟಿಮೀಟರಿನಷ್ಟು ನೀರು ಹಾಯಿಸುವುದು. ಮತ್ತೆ ಇಂಗಲು ಬಿಡುವುದು. ತೆನೆ ಹೊಡೆ ಒಡೆದು ಹೂವಾಡುವ ಕಾಲಕ್ಕೆ ಒಂದು ವಾರ ಮುಂಚಿನಿಂದ ಒಂದು ವಾರದ ಅನಂತರದ ವರೆಗೆ ಮಾತ್ರ ನೀರು ಕಡಮೆಯಾಗಕೂಡದು. ಮೇಲೆ ಒಣಗಿದಂತೆ ಕಂಡರೂ ಬೇರಿಗೆ ನೀರಿರುವುದರಿಂದ ಇಳುವರಿ ಸಾಮಾನ್ಯವಾಗಿ ಕುಗ್ಗುವುದಿಲ್ಲ. ನೀರು ನೂರಕ್ಕೆ 30ರ ವರೆಗೆ ಉಳಿಯುವುದು. ಮೀಥೇನು ಮೂರನೆಯ ಒಂದಂಶದಿಂದ ಅರ್ಧದ ವರೆಗೆ ತಗ್ಗುವುದು. ನಮ್ಮ ಎರೆಭೂಮಿಯಲ್ಲಿ ಒಂದು ಎಚ್ಚರಿಕೆ ಬೇಕು. ಹೇಳಿದ ಮಟ್ಟಕ್ಕಿಂತ ಹೆಚ್ಚು ಒಣಗಿಸಿದರೆ ಬಿರುಕು ಬಿಟ್ಟು, ಮುಂದಿನ ಸರದಿಯ ನೀರು ಬಿರುಕಿನ ಪಾಲಾಗುವುದು. ಯೂರಿಯಾವನ್ನು ನೀರು ಹಾಯಿಸುವುದಕ್ಕೆ ಸ್ವಲ್ಪ ಮುಂಚೆ ಹಾಕುವುದು ಮೇಲು. ಇಲ್ಲವಾದರೆ ಒಂದು ವಾಯುವನ್ನು ತಗ್ಗಿಸಿ, ನೈಟ್ರಸ್ ಆಕ್ಸೈಡ್ ಎಂಬ ಇನ್ನೂ ಉಗ್ರವಾದ ವಾಯುವನ್ನು ಹೆಚ್ಚಿಸಿದಂತಾದೀತು. ಹಸಿ ಹುಲ್ಲನ್ನು ನೀರಿನಲ್ಲಿ ಉತ್ತು ಮುಚ್ಚುವುದಕ್ಕಿಂತ ಚೆನ್ನಾಗಿ ಕಳಿತ ಗೊಬ್ಬರವೇ ಉತ್ತಮ. ರಾಯಚೂರು ಸೀಮೆಯ ಕೆಲವರು ನಾಟಿಯನ್ನೇ ಬಿಟ್ಟು ಕೂರಿಗೆಯಿಂದ ಭತ್ತ ಬಿತ್ತುತ್ತಿರುವರು. ಕೂಲಿ, ನೀರು ಎರಡೂ ಉಳಿಯುವುವು, ಆದರೆ ಕಳೆಯ ಕಾಟ ಹೆಚ್ಚು.

ಇಷ್ಟು ಸುಲಭವಾದ ಕ್ರಮವನ್ನು ರೈತರು ಏಕೆ ಹಿಡಿಯಲಿಲ್ಲವೆಂದು ಪಟ್ಟಣದಲ್ಲಿ ಕೇಳುವವರುಂಟು. ಅಜ್ಞಾನವೇ ಕಾರಣವೆಂದು ಹೇಳುವುದು ಅನ್ಯಾಯ. ಮುಂದಿನ ಸರದಿ ಯಾವ ದಿನ ಬರುವುದೆಂಬುದು ತಿಳಿಯದವನು ಇಂದು ಬಂದ ನೀರನ್ನು ಬದುವಿನ ಮಟ್ಟಕ್ಕೆ ಕಟ್ಟಿಕೊಳ್ಳದೆ ಮತ್ತೇನು ಮಾಡಿಯಾನು? ನೀರಿನ ಬರುವಿಕೆ ಖಾತ್ರಿಯಿದ್ದವನಿಗೆ ಮಾತ್ರ ಗದ್ದೆಯನ್ನು ಒಣಗಲು ಬಿಡುವ ಧೈರ್ಯ ಬರುವುದು. ಇದಲ್ಲದೆ ನೀರಿನ ಕರವು ಎಕರೆಯ ಮೇಲೆ ನಿಗದಿಯಾಗಿದೆಯೇ ಹೊರತು ಬಳಸಿದ ನೀರಿನ ಮೇಲೆ ಅಲ್ಲ. ಉಳಿಸಿದವನಿಗೆ ಕಾಸೂ ಉಳಿಯುವುದಿಲ್ಲ. ಆದುದರಿಂದ ಈ ವಿಷಯದಲ್ಲಿ ಒಬ್ಬೊಬ್ಬ ರೈತನ ಹೊಣೆಯು ಅವನ ತೂಬಿನ ಹೊಣೆಯಿಂದ ಬೇರೆಯಲ್ಲ. ಒಂದು ತೂಬಿನ ಕೆಳಗಿನ ಭೂಮಾಲೀಕರೆಲ್ಲರೂ ನೀರು ಬಳಕೆದಾರರ ಸಂಘದಲ್ಲಿ ಕೂಡಿ, ಸರದಿಯ ದಿನಗಳನ್ನು ಹಂಗಾಮಿನ ಆರಂಭದಲ್ಲಿಯೇ ನೀರಾವರಿ ಅಧಿಕಾರಿಗಳಿಂದ ಬರೆಯಿಸಿ ಪಡೆದರೆ ಮಾತ್ರ ಕೊಳವೆಯು ಕೆಲಸಕ್ಕೆ ಬರುವುದು. ಇದನ್ನು ಕೇಳುವ ಅಧಿಕಾರವೂ ಬಾಯಿಯೂ ಇರತಕ್ಕವರು ಊರಿನ ಮುಖಂಡರೇ ಆಗಿರುವರು.

ಮೀಥೇನನ್ನು ತಗ್ಗಿಸಿದರೆ ಎಕರೆಗೆ ಇಷ್ಟು ಹಣ ಕೊಡಿಸುವೆವೆಂದು ಕರಾರುಪತ್ರ ಹಿಡಿದು ಬರುವ ಕಂಪನಿಗಳೂ ಈಚೆಗೆ ಕಾಣಿಸಿಕೊಂಡಿವೆ. ಇವೆಲ್ಲ ಮೋಸವೆಂದು ಹೇಳಲಾಗದು. ಆದರೆ ಇಂಥ ಯೋಜನೆಗಳನ್ನು ದಾಖಲುಮಾಡತಕ್ಕ ವೆರಾ ಎಂಬ ಸಂಸ್ಥೆಯೇ 2024ರಲ್ಲಿ ಚೀನಾದೇಶದ 37 ಭತ್ತದ ಯೋಜನೆಗಳನ್ನು ತಳ್ಳಿಹಾಕಿತೆಂಬುದು ನೆನಪಿನಲ್ಲಿರಲಿ. ಅಳತೆ ಮಾಡುವವರಾರು, ಹಣ ಬರುವುದು ಯಾವಾಗ, ಎಷ್ಟು ವರ್ಷ ಕಟ್ಟುಬೀಳಬೇಕು ಎಂಬುದನ್ನು ಓದಿಸಿ ಕೇಳದೆ ರುಜು ಹಾಕಕೂಡದು. ಪಹಣಿಯಲ್ಲಿ ಹೆಸರಿರುವವರು ಬೇರೆ, ಗದ್ದೆಯಲ್ಲಿ ಗೇಯುವವರು ಬೇರೆ ಆಗಿದ್ದಲ್ಲಿ, ಕೊಳವೆಯನ್ನು ದಿನವೂ ನೋಡುವವನಿಗೆ ಸಲ್ಲತಕ್ಕ ಪಾಲನ್ನು ಮೊದಲೇ ಗೊತ್ತುಮಾಡುವುದು ಜಮೀನ್ದಾರರಿಗೆ ಭೂಷಣ.

ಆ ದಿನದ ಸಭೆಯು ದೀಪ ಹಚ್ಚುವ ಹೊತ್ತಿನ ವರೆಗೆ ನಡೆಯಿತು. ಅಮೇರಿಕದ ವಿಷಯದಲ್ಲಿ ಗೌಡರು ತಮ್ಮ ಅಭಿಪ್ರಾಯವನ್ನು ಸ್ವಲ್ಪವೂ ಬದಲಾಯಿಸಲಿಲ್ಲ. ಬದಲಾಯಿಸಬೇಕಾದ ಕಾರಣವೂ ಇರಲಿಲ್ಲ. ಎರಡು ಎಕರೆಯಲ್ಲಿ ಕೊಳವೆ ಹುಗಿದು ನೋಡುವುದಾಗಿ ಮಾತ್ರ ಒಪ್ಪಿದರು, ಅದೂ ಸರದಿಯ ಪಟ್ಟಿಯನ್ನು ಬರೆದು ಚಾವಡಿಯ ಗೋಡೆಗೆ ಹಚ್ಚಿದ ಮೇಲೆ ಎಂಬ ಷರತ್ತಿನಿಂದ. ಕೆಳಭಾಗದಿಂದ ಬಂದವರು ಆ ಪಟ್ಟಿಯ ಇನ್ನೊಂದು ಪ್ರತಿ ತಮ್ಮ ಊರಿನ ಗೋಡೆಗೂ ಬೇಕೆಂದು ಕೇಳಿ, ಅದನ್ನು ಸಭೆಯ ನಡಾವಳಿಯಲ್ಲಿ ಬರೆಸಿದ ಮೇಲೆಯೇ ಎದ್ದರು.