ಆರು ತಂತಿಯಿಂದ ನಾಲ್ಕು ತಂತಿಗೆ

ಮದುವೆಯ ಚಪ್ಪರವನ್ನು ನೋಡಿದವರೆಲ್ಲರೂ ತೋರಣವನ್ನು ಹೊಗಳುತ್ತಾರೆ. ಕಂಬವನ್ನು ಹೊಗಳಿದವರನ್ನು ನಾನಂತೂ ಕಂಡಿಲ್ಲ. ವಾದ್ಯಗೋಷ್ಠಿಯಲ್ಲಿ ಈ ಕಂಬದ ಕೆಲಸವನ್ನು ಮಾಡುವ ವಾದ್ಯವೇ ಬೇಸ್ ಗಿಟಾರ್. ಪ್ರಥಮ ವರ್ಷದ ಕೊನೆಯವರೆಗೆ ನಾನು ಗಿಟಾರ್ ವಾದಕನಾಗಿದ್ದೆ. ಈಗ ಬೇಸ್ ವಾದಕ. ಹೀಗೇಕೆ ಬದಲಾಯಿಸಿಕೊಂಡೆ, ಈ ಎರಡು ವಾದ್ಯಗಳಿಗಿರುವ ಅಂತರವೇನು, ಲಾಭನಷ್ಟಗಳೇನು ಎಂದು ಗೆಳೆಯರು ಆಗಾಗ ಕೇಳುವುದುಂಟು. ಎಲ್ಲರಿಗೂ ಒಟ್ಟಿಗೆ ಉತ್ತರ ಹೇಳುವ ಅವಕಾಶವನ್ನು ಈ ವಾರ್ಷಿಕ ಸಂಚಿಕೆಯು ಒದಗಿಸಿಕೊಟ್ಟಿದೆ.

ಮೊದಲು ಕಾರಣವನ್ನು ಹೇಳುತ್ತೇನೆ. ನಮ್ಮ ಮನೆಯ ಆದಾಯವೆಲ್ಲ ಎರಡು ಎಕರೆ ಖುಷ್ಕಿ ಜಮೀನಿನಿಂದ ಬರತಕ್ಕದ್ದು. ಕಾಲೇಜಿನ ಶುಲ್ಕವನ್ನೂ ಕೋಣೆಯ ಬಾಡಿಗೆಯನ್ನೂ ನಾನೇ ಹೊಂದಿಸಿಕೊಂಡರೆ ಮಾತ್ರ ಓದು ಮುಂದುವರಿದೀತೆಂದು ನಮ್ಮ ತಂದೆಯವರು ಮೊದಲೇ ತಿಳಿಸಿದ್ದರು. ನನಗೆ ಬರುತ್ತಿದ್ದ ವಿದ್ಯೆ ಗಿಟಾರ್ ಒಂದೇ. ಗಣೇಶೋತ್ಸವ, ರಾಜ್ಯೋತ್ಸವ, ಊರಹಬ್ಬ, ಮದುವೆಯ ಆರತಕ್ಷತೆ—ಇವುಗಳಲ್ಲಿ ಚಲನಚಿತ್ರಗೀತೆಗಳನ್ನು ನುಡಿಸುವ ಆರ್ಕೆಸ್ಟ್ರಾಗಳು ನಮ್ಮ ಜಿಲ್ಲೆಯಲ್ಲಿ ಹಲವಾರಿವೆ. ನಾನು ಒಂದೊಂದೇ ತಂಡವನ್ನು ಕಂಡು ಬಂದೆ. ಎಲ್ಲ ಕಡೆಯೂ ಗಿಟಾರ್ ವಾದಕರಿದ್ದರು. ಅವರ ಹಿಂದೆ ಸರದಿ ಕಾಯುವವರೂ ಇದ್ದರು. ಕೊನೆಗೆ ಒಂದು ತಂಡದ ಯಜಮಾನರು, "ಗಿಟಾರ್ ಹಿಡಿದವರು ಬೀದಿಗೆ ಇಬ್ಬರು ಸಿಗ್ತಾರಪ್ಪ. ಬೇಸ್ ನುಡಿಸೋರು ಯಾರಾದರೂ ಇದ್ದರೆ ಕರಕೊಂಡು ಬಾ" ಎಂದರು. ಆ ಮಾತನ್ನು ಮನಸ್ಸಿನಲ್ಲಿ ಮೆಲುಕು ಹಾಕುತ್ತ ಕೋಣೆಗೆ ಹಿಂದಿರುಗಿದೆ. ಬೇರೊಬ್ಬರನ್ನು ಹುಡುಕುವುದಕ್ಕಿಂತ ನಾನೇ ಏಕೆ ಆ ವಾದ್ಯವನ್ನು ಹಿಡಿಯಬಾರದು?

ಇದರ ಹಿಂದಿರುವುದು ಅರ್ಥಶಾಸ್ತ್ರದ ಸರಳ ಪಾಠ. ಹೊಸದಾಗಿ ಕಲಿಯುವ ಹತ್ತು ಹುಡುಗರಲ್ಲಿ ಹೆಚ್ಚಿನವರ ಕಣ್ಣು ಗಿಟಾರಿನ ಮೇಲೆ. ಒಬ್ಬನೇ ಕುಳಿತು ಹಾಡಿಕೊಂಡು ನುಡಿಸಲು ಅದು ಅನುಕೂಲವಾದ ವಾದ್ಯ. ಬೇಸ್ ಒಂಟಿಯಾಗಿ ನುಡಿಸಿದರೆ ಕೇಳುವವರು ಕಡಿಮೆ. ಆದುದರಿಂದ ಕಲಿಯುವವರೂ ಕಡಿಮೆ. ಆದರೆ ತಂಡವೊಂದನ್ನು ಕಟ್ಟಿದ ಮೇಲೆ ಅದು ಬೇಕೇ ಬೇಕು. ಬೇಡಿಕೆಯಿದ್ದು ಪೂರೈಕೆ ಇಲ್ಲದೆಡೆಗೆ ಹೋದವನಿಗೆ ಕೆಲಸ ದೊರೆಯುವುದರಲ್ಲಿ ಆಶ್ಚರ್ಯವೇನಿದೆ?

ಈ ದಾರಿಯನ್ನು ಹಿಡಿದವರಲ್ಲಿ ನಾನು ಮೊದಲಿಗನಲ್ಲ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದನು. ಅದಕ್ಕೆ ಮುಂಚೆ ಈ ಕೆಲಸಕ್ಕೆ ಆಳೆತ್ತರದ ಡಬಲ್ ಬೇಸ್ ಬಳಕೆಯಲ್ಲಿತ್ತು. ಅದಕ್ಕೆ ಮೆಟ್ಟಿಲುಗಳಿಲ್ಲ, ಪಿಟೀಲಿನಂತೆ ಸ್ವರಸ್ಥಾನವನ್ನು ಬೆರಳೇ ಹುಡುಕಬೇಕು. ಫೆಂಡರನ ವಾದ್ಯಕ್ಕೆ, ನಮ್ಮ ವೀಣೆಯ ಮೆಟ್ಟಿಲುಗಳಂತೆ, ಫ್ರೆಟ್‌ಗಳಿದ್ದವು. ಆದುದರಿಂದಲೇ ಗಿಟಾರ್ ಬಲ್ಲವರಿಗೂ ಅದು ಸುಲಭವಾಗಿ ಒಲಿಯಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಮೊದಲು ಗಿಟಾರ್ ನುಡಿಸುತ್ತಿದ್ದನು. 1961ರಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ತಂಡವನ್ನು ಬಿಟ್ಟಾಗ ಬೇಸ್ ಅವನ ಪಾಲಿಗೆ ಬಂದಿತು. ಲಾಸ್ ಏಂಜಲೀಸಿನ ಗಿಟಾರ್ ವಾದಕಿ ಕ್ಯಾರಲ್ ಕೇ 1963ರಲ್ಲಿ, ಒಂದು ಧ್ವನಿಮುದ್ರಣಕ್ಕೆ ಬೇಸ್ ವಾದಕ ಬಾರದೆ ಹೋದಾಗ ಆ ಸ್ಥಾನದಲ್ಲಿ ಕುಳಿತು, ಮುಂದೆ ಆ ನಗರದಲ್ಲಿ ಅತಿ ಹೆಚ್ಚು ಬೇಡಿಕೆಯುಳ್ಳ ವಾದಕರಲ್ಲಿ ಒಬ್ಬರಾದರು. ನೋಯೆಲ್ ರೆಡಿಂಗ್ 1966ರಲ್ಲಿ ಲಂಡನ್ನಿಗೆ ಹೋದದ್ದು ಆನಿಮಲ್ಸ್ ತಂಡದಲ್ಲಿ ಗಿಟಾರ್ ನುಡಿಸುವ ಆಸೆಯಿಂದ; ದೊರೆತದ್ದು ಜಿಮಿ ಹೆಂಡ್ರಿಕ್ಸನ ಜೊತೆಗೆ ಬೇಸ್ ನುಡಿಸುವ ಕೆಲಸ!

ಇನ್ನು ವಾದ್ಯದ ವಿಚಾರ. ಗಿಟಾರಿನ ಆರು ತಂತಿಗಳಲ್ಲಿ ಮಂದ್ರದ ನಾಲ್ಕಕ್ಕೆ ಇ, ಎ, ಡಿ, ಜಿ ಎಂದು ಹೆಸರು. ಸಾಮಾನ್ಯ ಬೇಸಿನ ನಾಲ್ಕು ತಂತಿಗಳಿಗೂ ಅವೇ ಹೆಸರುಗಳು. ಶ್ರುತಿ ಮಾತ್ರ ಒಂದು ಸ್ಥಾಯಿ ಕೆಳಗೆ. ಗಿಟಾರಿನ ಅತಿ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಅದು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸಿನದು ಸುಮಾರು 41 ಸಲ. ಕಂಪನ ನಿಧಾನವಾಗಬೇಕಾದರೆ ತಂತಿಯು ಉದ್ದವಾಗಬೇಕು, ಇಲ್ಲವೆ ಭಾರವಾಗಬೇಕು, ಇಲ್ಲವೆ ಸಡಿಲವಾಗಬೇಕೆಂದು ಭೌತಶಾಸ್ತ್ರ ಹೇಳುತ್ತದೆ. ಸಡಿಲ ಮಾಡಿದರೆ ನಾದ ಕೆಡುತ್ತದೆ. ಆದುದರಿಂದ ಫೆಂಡರನ ಗಿಟಾರಿನಲ್ಲಿ 25.5 ಅಂಗುಲವಿರುವ ತಂತಿಯ ಕಂಪಿಸುವ ಭಾಗ, ಅವನ ಬೇಸಿನಲ್ಲಿ 34 ಅಂಗುಲವಾಗಿದೆ. ಗಿಟಾರಿನ ದಪ್ಪ ತಂತಿ ಸಾಮಾನ್ಯವಾಗಿ 0.046 ಅಂಗುಲ ದಪ್ಪವಿದ್ದರೆ, ಬೇಸಿನದು 0.105 ಅಂಗುಲ. ಫ್ರೆಟ್‌ಗಳ ನಡುವಣ ಅಂತರವೂ ಅದಕ್ಕೆ ತಕ್ಕಂತೆ ಹಿಗ್ಗಿದೆ. ಮೊದಲ ತಿಂಗಳು ನನ್ನ ಎಡಗೈ ರಾತ್ರಿಯೆಲ್ಲ ನೋಯುತ್ತಿದ್ದುದಕ್ಕೆ ಈ ಲೆಕ್ಕವೇ ಕಾರಣ.

"ಹಾಡಿನಲ್ಲಿ ನಿನ್ನ ವಾದ್ಯವೇ ಕೇಳಿಸುವುದಿಲ್ಲವಲ್ಲ" ಎಂದು ಗೆಳೆಯರು ಹಾಸ್ಯ ಮಾಡುವುದುಂಟು. ಅವರು ಕೇಳುವುದು ಮೊಬೈಲಿನಲ್ಲಿ. ಅದರ ಪುಟ್ಟ ಸ್ಪೀಕರು ಅಷ್ಟು ಮಂದ್ರವಾದ ಸ್ವರವನ್ನು ಹೊರಡಿಸಲಾರದು; ಮೂಲ ಸ್ವರದೊಡನೆ ಹುಟ್ಟುವ ಮೇಲಿನ ಸ್ವರಗಳನ್ನು ಹಿಡಿದು ನಮ್ಮ ಕಿವಿಯೇ ಅದನ್ನು ಊಹಿಸಿಕೊಳ್ಳುತ್ತದೆ. ವೇದಿಕೆಯ ಮುಂದೆ ನಿಂತವರಿಗಾದರೋ ಬೇಸ್ ಎದೆಗೇ ತಾಗುತ್ತದೆ.

ಈ ವಾದ್ಯದ ಕೆಲಸ ಎರಡು ಬಗೆಯದು. ಒಂದು, ಶ್ರುತಿಗೆ ಆಧಾರ ಕೊಡುವುದು. ಗಿಟಾರ್ ವಾದಕನು ಷಡ್ಜ, ಗಾಂಧಾರ, ಪಂಚಮಗಳನ್ನು ಒಟ್ಟಿಗೆ ಮೀಟಿದನೆನ್ನಿ. ಕೆಳಗೆ ನಾನು ಷಡ್ಜವನ್ನೇ ಹಿಡಿದರೆ ಹಾಡು ನೆಮ್ಮದಿಯಾಗಿ ನಿಲ್ಲುತ್ತದೆ. ಅವನು ಕೈ ಕದಲಿಸದಿದ್ದರೂ ನಾನು ಮಂದ್ರದ ಧೈವತಕ್ಕೆ ಇಳಿದೆನೆಂದರೆ, ಅದೇ ಮೂರು ಸ್ವರಗಳು ಬೇರೊಂದು ಭಾವವನ್ನು ತಾಳಿ ಹಾಡಿಗೆ ವಿಷಾದದ ಛಾಯೆ ಬರುತ್ತದೆ. ಕೇಳುವವರಿಗೆ ಏನೋ ಬದಲಾಯಿತೆಂದು ಗೊತ್ತಾಗುತ್ತದೆ. ಯಾರು ಬದಲಾಯಿಸಿದರೆಂದು ಗೊತ್ತಾಗುವುದಿಲ್ಲ. ಎರಡನೆಯದು, ಲಯಕ್ಕೆ ಆಧಾರ ಕೊಡುವುದು. ಡ್ರಮ್ ವಾದಕನು ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟೂ ನನ್ನ ಬೆರಳಿನ ಮೀಟೂ ಒಂದೇ ಕ್ಷಣದಲ್ಲಿ ಬೀಳಬೇಕು. ಸ್ವಲ್ಪ ಹಿಂದುಮುಂದಾದರೂ ಕುಣಿಯುವವರ ಕಾಲು ತಡವರಿಸುತ್ತದೆ.

ಗಿಟಾರ್ ಬಲ್ಲವನಿಗೆ ಸ್ವರಸ್ಥಾನಗಳನ್ನು ಹೊಸದಾಗಿ ಕಲಿಯುವ ಶ್ರಮವಿಲ್ಲವೆಂಬುದು ನಿಜ. ಆದರೆ ಬಿಡಬೇಕಾದ ಅಭ್ಯಾಸಗಳು ಹಲವು. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟುವುದು ಇಲ್ಲಿ ನಡೆಯದು. ಮಂದ್ರದಲ್ಲಿ ಅವು ಒಂದಕ್ಕೊಂದು ಕಲಸಿ ಗೊಜ್ಜಾಗುತ್ತವೆ. ತೋರುಬೆರಳು ಮತ್ತು ನಡುಬೆರಳುಗಳನ್ನು ಒಂದಾದ ಮೇಲೊಂದರಂತೆ ನಡೆಸಬೇಕು. ನುಡಿಸದ ತಂತಿಗಳು ತಾವಾಗಿ ಗುನುಗದಂತೆ ಎರಡೂ ಕೈಗಳಿಂದ ತಡೆದಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸ್ವರವನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಕಲಿಯಬೇಕು. ಮಾತಿನಂತೆಯೇ ಇಲ್ಲಿಯೂ ಮೌನಕ್ಕೆ ಬೆಲೆಯುಂಟು.

ನಷ್ಟಗಳನ್ನು ಮುಚ್ಚಿಡಬಾರದು. ಬೇಸಿಗೆ ತಕ್ಕ ಆಂಪ್ಲಿಫೈಯರ್ ಭಾರವಾದದ್ದು, ದುಬಾರಿಯಾದದ್ದು. ಗಿಟಾರಿನ ಪೆಟ್ಟಿಗೆಗೆ ಸಿಕ್ಕಿಸಿ ಜೋರಾಗಿ ನುಡಿಸಿದರೆ ಅದರ ಸ್ಪೀಕರು ಹರಿಯುವ ಭಯವುಂಟು. ಸಣ್ಣ ತಂಡಗಳಲ್ಲಿ ಕೀಬೋರ್ಡ್ ವಾದಕನೇ ಎಡಗೈಯಿಂದ ಬೇಸ್ ಭಾಗವನ್ನು ನಿಭಾಯಿಸುವುದರಿಂದ ಅಲ್ಲಿ ನಮಗೆ ಕೆಲಸವಿಲ್ಲ. ಅದಕ್ಕಿಂತಲೂ ದೊಡ್ಡ ನಷ್ಟವೆಂದರೆ ಕೀರ್ತಿಯದು. ಕಳೆದ ಗಣೇಶೋತ್ಸವದಲ್ಲಿ ನಮ್ಮೂರಿನಲ್ಲೇ ಕಾರ್ಯಕ್ರಮವಿತ್ತು. ಮುಗಿದ ಮೇಲೆ ನಮ್ಮ ಅಜ್ಜಿ, "ಎಲ್ಲಾರೂ ಏನೇನೋ ಬಾರಿಸಿದರು. ನೀನು ಯಾಕೋ ಮಗಾ ಹಿಂದೆ ಸುಮ್ಮನೆ ನಿಂತಿದ್ದೆ?" ಎಂದು ಕೇಳಿದರು. ಪಕ್ಕದಲ್ಲಿದ್ದ ತಂದೆಯವರು, "ಅವನು ನಿಲ್ಲಿಸಿದಾಗ ಪಾಟು ಸಪ್ಪಗಾಯ್ತಲ್ಲವ್ವ, ಅದೇ ಅವನ ಕೆಲಸ" ಎಂದರು. ಸಂಗೀತದ ಗಂಧವಿಲ್ಲದ ಅವರು ಅಷ್ಟು ಗಮನಿಸಿದ್ದರೆಂಬುದು ನನಗೆ ಬಂದ ಬಹುಮಾನಗಳಲ್ಲೆಲ್ಲ ದೊಡ್ಡದು.

ಲಾಭವನ್ನೂ ಹೇಳಬೇಕಷ್ಟೆ. ಬೇಸ್ ಹಿಡಿದ ಆರು ತಿಂಗಳಿಗೆ ಎರಡು ತಂಡಗಳಲ್ಲಿ ಸ್ಥಾನ ದೊರೆಯಿತು; ಗಿಟಾರ್ ವಾದಕನು ಬಾರದ ದಿನ ಅದನ್ನೂ ನುಡಿಸಬಲ್ಲೆನಾದುದರಿಂದ ಮೂರನೆಯ ತಂಡವೂ ಕರೆಯುತ್ತದೆ. ದ್ವಿತೀಯ ಮತ್ತು ಅಂತಿಮ ವರ್ಷದ ಶುಲ್ಕವನ್ನು ಮನೆಯಿಂದ ತರಿಸಲಿಲ್ಲ. ಮಳೆ ಕೈಕೊಟ್ಟ ವರ್ಷದಲ್ಲಿ ಇದು ನಮ್ಮ ಮನೆಗೆ ಸಣ್ಣ ಮಾತಲ್ಲ.

ಈ ಹಾದಿಯಲ್ಲಿ ಬರಲಿಚ್ಛಿಸುವ ಕಿರಿಯ ಮಿತ್ರರಿಗೆ ಎರಡು ಮಾತು. ಮೊದಲೇ ಸಾಲ ಮಾಡಿ ವಾದ್ಯ ಕೊಳ್ಳಬೇಡಿ. ಗಿಟಾರಿನ ದಪ್ಪ ತಂತಿಗಳು ನಾಲ್ಕರಲ್ಲೇ ಹತ್ತು ಹಾಡುಗಳ ಬೇಸ್ ಭಾಗವನ್ನು ಕಿವಿಯಿಂದ ಕೇಳಿ ಕಲಿಯಿರಿ. ಆಸಕ್ತಿ ನಿಂತರೆ ಮುಂದುವರಿಯಿರಿ. ಗಿಟಾರನ್ನು ಮಾತ್ರ ಮಾರಬೇಡಿ. ಎರಡು ಬಲ್ಲವನಿಗೆ ಎರಡು ಬಾಗಿಲು. ಪರೀಕ್ಷೆಗಳು ಮುಗಿಯುವವರೆಗೆ ಶನಿವಾರ ಸಂಜೆ ನಾನು ಕೋಣೆಯಲ್ಲಿರುತ್ತೇನೆ. ನನ್ನ ಬೇಸನ್ನು ಮುಟ್ಟಿ ನೋಡಬೇಕೆನ್ನುವವರು ಧಾರಾಳವಾಗಿ ಬರಬಹುದು. ಉಗುರು ಕತ್ತರಿಸಿಕೊಂಡು ಬಂದರೆ ಇನ್ನೂ ಒಳ್ಳೆಯದು.